ಕಿನಬಾಲು ಹಾದಿಯಲ್ಲಿ ನಾನು ಹೇಳಿದ ಸುಳ್ಳು

ಕುಮಾರ ಪರ್ವತದ ನೆತ್ತಿ ಸಮುದ್ರ ಮಟ್ಟದಿಂದ 1712 ಮೀಟರ್ ಎತ್ತರದಲ್ಲಿದೆ. ಮಲೇಷ್ಯಾದ ಅತ್ಯುನ್ನತ ಶಿಖರವಾದ ಕಿನಬಾಲುವನ್ನು ಹತ್ತುವವರು ಮೊದಲ ಹೆಜ್ಜೆ ಇಡುವ ತಿಂಪೊಹೊನ್ ಗೇಟು ಇರುವುದು 1866 ಮೀಟರ್ ಎತ್ತರದಲ್ಲಿ. ಅಂದರೆ ಸುಬ್ರಹ್ಮಣ್ಯದಿಂದ ಹೊರಟು, ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಉಂಡು, ಕಲ್ಲುಮಂಟಪವನ್ನೂ ಶೇಷಪರ್ವತವನ್ನೂ ದಾಟಿ, ಕೊನೆಗೆ ಎಲ್ಲಿ ಉಸ್ಸೆಂದು ಕುಳಿತು ಫೋಟೊ ತೆಗೆಸಿಕೊಳ್ಳುತ್ತೇವೆಯೋ ಅದಕ್ಕಿಂತ ನೂರೈವತ್ತು ಮೀಟರ್ ಮೇಲೆ ಆ ಪರ್ವತದ ಏರುದಾರಿ ಆರಂಭವಾಗುತ್ತದೆ. ಅದರ ತುದಿ 4095 ಮೀಟರ್. ಈ ಲೆಕ್ಕ ಹೊರಡುವ ಮೊದಲೇ ನನಗೆ ಗೊತ್ತಿತ್ತು. ಉಡುಪಿಯ ಬ್ಯಾಂಕೊಂದರಲ್ಲಿ ಇಪ್ಪತ್ತೇಳು ವರ್ಷ ಅಂಕಿಗಳ ನಡುವೆಯೇ ಕಳೆದವನಿಗೆ ಇದು ಅರ್ಥವಾಗದ ಸಂಗತಿಯೇನಲ್ಲ. ಆದರೆ ಕಡಲ ಬದಿಯಲ್ಲಿ ಹುಟ್ಟಿ, ಕಡಲ ಬದಿಯಲ್ಲೇ ಐವತ್ತು ದಾಟಿದ ನನ್ನ ದೇಹಕ್ಕೆ ಅದು ಗೊತ್ತಿರಲಿಲ್ಲ.

ನನ್ನ ಅಕ್ಕನ ಮಗ ಕೌಲಾಲಂಪುರದಲ್ಲಿ ಕೆಲಸದಲ್ಲಿದ್ದಾನೆ. ನಮ್ಮದು ಅಳಿಯಕಟ್ಟಿನ, ಅಂದರೆ ಹಕ್ಕು ಸೋದರಮಾವನಿಂದ ಅಳಿಯನಿಗೆ ಸಾಗುವ ಮನೆತನ. ಕಾನೂನಿನಲ್ಲಿ ಆ ಕಟ್ಟು ಎಂದೋ ಸಡಿಲವಾಗಿದ್ದರೂ ಮನೆಯ ಮಾತಿನಲ್ಲಿ ಇನ್ನೂ ಉಳಿದಿರುವುದರಿಂದ, ಅವನು ನನ್ನನ್ನು ‘ತಮ್ಮಲೆ’ ಎಂದು ಕರೆಯುವಾಗ ಆ ತುಳು ಶಬ್ದದಲ್ಲಿ ಸೋದರಮಾವನೆಂಬ ಸಲುಗೆಗಿಂತ ಹಿರಿಯನೆಂಬ ಮರ್ಯಾದೆಯೇ ಹೆಚ್ಚು. ಭಾರತೀಯರು 2023ರ ಡಿಸೆಂಬರ್ ಒಂದರಿಂದ ವೀಸಾ ಇಲ್ಲದೆ ಬರಬಹುದೆಂದು ಮಲೇಷ್ಯಾ ಸರಕಾರ ಘೋಷಿಸಿದ ವಾರವೇ ಅವನು ಫೋನು ಮಾಡಿ, ಮುಂದಿನ ಮಾರ್ಚ್ ತಿಂಗಳಿಗೆ ಎರಡು ಪರವಾನಗಿ ಸಿಗುತ್ತವೆ, ಹಿಡಿಯಲೇ ಎಂದು ಕೇಳಿದ. ನಾನು ಒಂದು ದಿನವೂ ಯೋಚಿಸದೆ ಒಪ್ಪಿದೆ.

ಪರವಾನಗಿ ಎಂದೆ. ಅಲ್ಲಿ ಅದೊಂದು ಚೀಟಿ ಮಾತ್ರವಲ್ಲ. ಮೇಲಿನ ಪಾನಾಲಾಬಾನ್ ಎಂಬ ತಾಣದಲ್ಲಿ, ಸುಮಾರು 3270 ಮೀಟರ್ ಎತ್ತರದಲ್ಲಿ, ಕೆಲವು ವಸತಿಗೃಹಗಳಿವೆ. ಹತ್ತುವವರು ಅಲ್ಲಿ ಒಂದು ರಾತ್ರಿ ತಂಗಿಯೇ ಮುಂದೆ ಹೋಗುವ ಕ್ರಮವಿರುವುದರಿಂದ, ಅಲ್ಲಿರುವ ಹಾಸಿಗೆಗಳ ಲೆಕ್ಕವೇ ಪರವಾನಗಿಗಳ ಲೆಕ್ಕವೂ ಆಗುತ್ತದೆ. ದಿನಕ್ಕೆ ಇನ್ನೂರು ಮಂದಿಗೂ ಅವಕಾಶವಿಲ್ಲ. ವಿಮೆ ಕಡ್ಡಾಯ. ಮಾಲಿಮ್ ಗುನುಂಗ್ ಎಂದು ಕರೆಯಲಾಗುವ ಸ್ಥಳೀಯ ಮಾರ್ಗದರ್ಶಿ ಕಡ್ಡಾಯ, ಒಬ್ಬ ಮಾರ್ಗದರ್ಶಿಯ ಜೊತೆ ಐವರಿಗಿಂತ ಹೆಚ್ಚು ಮಂದಿ ಹೋಗುವಂತಿಲ್ಲ. ಹೆಸರು ಬರೆದ ಗುರುತಿನ ಬಿಲ್ಲೆಯನ್ನು ಕುತ್ತಿಗೆಗೆ ನೇತುಹಾಕಿಕೊಂಡೇ ನಡೆಯಬೇಕು. ವಿದೇಶಿಯರಿಗೆ ಶುಲ್ಕ ಅಲ್ಲಿನವರಿಗಿಂತ ಹಲವು ಪಟ್ಟು. ಎಲ್ಲ ಸೇರಿ ನನಗೆ ತಗಲಿದ ಮೊತ್ತವನ್ನು ಮನೆಯಲ್ಲಿ ಇವತ್ತಿಗೂ ಪೂರ್ತಿಯಾಗಿ ಹೇಳಿಲ್ಲ. ಮಳೆ ಗಾಳಿ ಜೋರಾಗಿ ಶಿಖರದ ದಾರಿ ಮುಚ್ಚಿದರೂ, ನಮಗೆ ಜ್ವರ ಬಂದು ಹೋಗಲಾಗದಿದ್ದರೂ ಹಣ ಹಿಂದೆ ಬರುವುದಿಲ್ಲ ಎಂಬ ಸಾಲು ನಾವು ಸಹಿ ಹಾಕಿದ ಕಾಗದದ ಕೊನೆಯಲ್ಲಿತ್ತು.

ತಯಾರಿಗೆಂದು ದಿನವೂ ಬೆಳಗ್ಗೆ ಮಣಿಪಾಲದ ಏರುಗಳಲ್ಲಿ ಬೆನ್ನಿಗೆ ಚೀಲ ಹೊತ್ತು ನಡೆದೆ. ಜನವರಿಯ ಮೊದಲ ಭಾನುವಾರ ಕುಮಾರ ಪರ್ವತಕ್ಕೆ ಹೋಗಿ ಬಂದೆ. ಅದಾದ ಮೂರು ವಾರಗಳಲ್ಲಿ, ಗಣರಾಜ್ಯೋತ್ಸವದ ರಜೆಯ ದಿನಗಳಲ್ಲಿ, ಗಿರಿಗದ್ದೆಯ ಅರಣ್ಯ ತಪಾಸಣಾ ಠಾಣೆಯ ಮುಂದೆ ಜಾತ್ರೆಯಂತೆ ಜನ ನಿಂತಿದ್ದ ವಿಡಿಯೊ ಎಲ್ಲರ ಮೊಬೈಲಿನಲ್ಲಿ ಹರಿದಾಡಿದ್ದು ಈ ಕಡೆಯವರಿಗೆ ನೆನಪಿರಬಹುದು. ಆನ್‌ಲೈನ್ ಟಿಕೆಟಿನ ವ್ಯವಸ್ಥೆ ಇಲ್ಲದ ಚಾರಣ ಪಥಗಳನ್ನೆಲ್ಲ ಸರಕಾರ ಆಗ ತಾತ್ಕಾಲಿಕವಾಗಿ ಮುಚ್ಚಿತು. ಅದೇ ವರ್ಷ ಅರಣ್ಯ ವಿಹಾರ ಎಂಬ ಜಾಲತಾಣ ಬಂದು ಮುಂಗಡ ಕಾಯ್ದಿರಿಸುವಿಕೆಯೂ, ದಿನಕ್ಕೆ 300 ಮಂದಿಯ ಮಿತಿಯೂ ಜಾರಿಗೆ ಬಂದವು. ಮಳೆಗಾಲದ ಇಂಬಳ ಮತ್ತು ಜಾರಿಕೆಯ ತಿಂಗಳುಗಳಲ್ಲಿ, ಕಾಡ್ಗಿಚ್ಚಿನ ಬೇಸಿಗೆಯಲ್ಲಿ ದಾರಿ ಮುಚ್ಚುವುದು ಮೊದಲಿನಿಂದಲೂ ನಡೆದು ಬಂದದ್ದೇ. ಇವೆಲ್ಲ ಬೇಕಾದ ಕ್ರಮಗಳೇ ಎಂದು ನಾನು ನಂಬಿದ್ದೇನೆ. ಊರಿನ ಗುಡ್ಡೆಗೆ ಹೋಗಲು ಟಿಕೆಟ್ ಏಕೆ ಎಂದು ಕೇಳುವವರು ಆ ಭಾನುವಾರಗಳ ನಂತರದ ಸೋಮವಾರ ಅಲ್ಲಿ ಹೆಕ್ಕಿದ ಪ್ಲಾಸ್ಟಿಕ್ ಬಾಟಲಿಗಳ ಗೋಣಿಗಳನ್ನು ನೋಡಬೇಕಿತ್ತು. ಆದರೆ ನಮ್ಮಲ್ಲಿ ನಿರ್ಬಂಧವೆಂದರೆ ಹೆಚ್ಚಾಗಿ ಕೆಳಗೆ ತಲೆ ಎಣಿಸುವ ಕೆಲಸ. ಒಳಗೆ ಬಿಟ್ಟ ಮೇಲೆ ಹತ್ತುವವನಿಗೆ ಏನಾಗುತ್ತಿದೆ ಎಂದು ನೋಡುವವರು ಅಪರೂಪ. ಕಿನಬಾಲುವಿನಲ್ಲಿ ನನ್ನನ್ನು ನೋಡುವವನು ಒಬ್ಬನಿದ್ದ, ಮತ್ತು ನಾನು ಅವನಿಗೇ ಸುಳ್ಳು ಹೇಳಿದೆ.

ಕೋಟಾ ಕಿನಬಾಲು ನಗರ ದಕ್ಷಿಣ ಚೀನಾ ಸಮುದ್ರದ ದಂಡೆಯಲ್ಲಿದೆ. ಸೆಕೆ, ಬೆವರು, ಒಣಮೀನಿನ ವಾಸನೆ ಎಲ್ಲವೂ ಮಲ್ಪೆಯನ್ನು ನೆನಪಿಸುವಂಥವು. ಅಲ್ಲಿಂದ ಎರಡು ಗಂಟೆ ಕಾರಿನಲ್ಲಿ ಹೋದರೆ ಪರ್ವತದ ಉದ್ಯಾನ ಸಿಗುತ್ತದೆ. 2000ದಲ್ಲಿ ವಿಶ್ವ ಪಾರಂಪರಿಕ ತಾಣವೆಂದು ಯುನೆಸ್ಕೊ ಮಾನ್ಯತೆ ಪಡೆದ ಕಾಡು ಅದು. ಮೊದಲ ದಿನದ ಆರು ಕಿಲೋಮೀಟರ್ ಹಾದಿ ಕಾಡಿನೊಳಗಿನ ಮೆಟ್ಟಿಲುಗಳ ದಾರಿ: ಮರದ ಮೆಟ್ಟಿಲು, ಕಲ್ಲಿನ ಮೆಟ್ಟಿಲು, ಬೇರುಗಳ ಮೆಟ್ಟಿಲು. ಆರು ಕಿಲೋಮೀಟರಿನಲ್ಲಿ 1400 ಮೀಟರ್ ಏರಬೇಕು. ನಮ್ಮ ಮಾಲಿಮ್ ನಲವತ್ತರ ಆಸುಪಾಸಿನ, ಮಿತಭಾಷಿಯಾದ ದುಸುನ್ ಜನಾಂಗದವನು. ಅವನು ಮುಂದೆ ನಡೆಯದೆ ಯಾವಾಗಲೂ ನಮ್ಮ ಹಿಂದೆಯೇ ಇರುತ್ತಿದ್ದ. ನಮ್ಮ ಹೆಜ್ಜೆ ತಪ್ಪುವುದನ್ನು ಹಿಂದಿನಿಂದಲೇ ಚೆನ್ನಾಗಿ ಕಾಣಬಹುದು ಎನ್ನುವುದು ನನಗೆ ಆಮೇಲೆ ಹೊಳೆಯಿತು. ಮಧ್ಯಾಹ್ನ ಮೂರಕ್ಕೆ ಪಾನಾಲಾಬಾನ್ ತಲುಪಿದೆವು. ಅಳಿಯ ಎರಡು ತಟ್ಟೆ ಅನ್ನ ತಿಂದ. ನನಗೆ ಹಣೆಯ ಎರಡೂ ಬದಿಯಲ್ಲಿ ಯಾರೋ ಒತ್ತಿ ಹಿಡಿದಂತೆ ನೋವು ಆರಂಭವಾಗಿತ್ತು, ಅನ್ನದ ಹಬೆ ಮೂಗಿಗೆ ಬಡಿದರೆ ಹೊಟ್ಟೆ ತೊಳೆಸುತ್ತಿತ್ತು.

ಎತ್ತರದ ಕಾಯಿಲೆಯ ಬಗ್ಗೆ ಹೊರಡುವ ಮೊದಲು ಮಣಿಪಾಲದ ವೈದ್ಯಮಿತ್ರರೊಬ್ಬರು ಅರ್ಧ ಗಂಟೆ ಪಾಠ ಮಾಡಿದ್ದರು. ಸುಮಾರು 2500 ಮೀಟರ್ ದಾಟಿದ ಮೇಲೆ ಅದು ಯಾರಿಗೂ ಬರಬಹುದು. ವಯಸ್ಸು, ದೇಹದಾರ್ಢ್ಯ, ದಿನವೂ ಓಡುವ ಅಭ್ಯಾಸ ಯಾವುದೂ ಅದಕ್ಕೆ ಪೂರ್ತಿ ರಕ್ಷಣೆಯಲ್ಲ. ಗಾಳಿಯಲ್ಲಿ ಆಮ್ಲಜನಕದ ಪಾಲು ಅಷ್ಟೇ ಇದ್ದರೂ ಒತ್ತಡ ಕಡಿಮೆಯಾಗುವುದರಿಂದ, 4000 ಮೀಟರಿನಲ್ಲಿ ಪ್ರತಿ ಉಸಿರಿಗೆ ನಮಗೆ ದಕ್ಕುವುದು ಮಲ್ಪೆಯ ಕಡಲ ದಂಡೆಯಲ್ಲಿ ಸಿಗುವುದರ ಸುಮಾರು ಅರುವತ್ತು ಶೇಕಡಾ ಮಾತ್ರ. ದೇಹ ಇದಕ್ಕೆ ಹೊಂದಿಕೊಳ್ಳಲು ದಿನಗಳು ಬೇಕು. ಅದಕ್ಕಾಗಿ 3000 ಮೀಟರಿನ ಮೇಲೆ ಮಲಗುವ ಜಾಗವನ್ನು ದಿನಕ್ಕೆ ಸುಮಾರು 500 ಮೀಟರಿಗಿಂತ ಹೆಚ್ಚು ಏರಿಸಬಾರದೆಂದು ವೈದ್ಯರು ಹೇಳುತ್ತಾರೆ. ಕಿನಬಾಲುವಿನಲ್ಲಿ ನಾವು ಹಿಂದಿನ ದಿನ ಕಡಲ ಬದಿಯಲ್ಲಿ ಉಂಡು, ಮರುದಿನ ರಾತ್ರಿ 3270 ಮೀಟರಿನಲ್ಲಿ ಮಲಗಿ, ಮೂರನೆಯ ದಿನ ಸೂರ್ಯೋದಯಕ್ಕೆ 4095 ಮೀಟರಿನಲ್ಲಿರಬೇಕೆಂದು ಬಯಸುತ್ತೇವೆ. ತಲೆನೋವು, ವಾಕರಿಕೆ, ಹಸಿವಿಲ್ಲದಿರುವುದು, ನಿದ್ದೆ ಬಾರದಿರುವುದು ಮೊದಲ ಸೂಚನೆಗಳು. ಅಲ್ಲಿಗೆ ನಿಂತರೆ ಸರಿ. ಮುಂದೆ ಹೋದರೆ ಶ್ವಾಸಕೋಶದಲ್ಲಿ ನೀರು ತುಂಬುವುದೋ ಮಿದುಳು ಬಾತುಕೊಳ್ಳುವುದೋ ಆಗಿ ಪ್ರಾಣಕ್ಕೆ ಬರುತ್ತದೆ. ಅಸೆಟಝೋಲಮೈಡ್ ಎಂಬ ಮಾತ್ರೆಯನ್ನು ಅವರು ಬರೆದುಕೊಟ್ಟಿದ್ದರು, ಜೊತೆಗೆ ಒಂದು ಮಾತನ್ನೂ ಹೇಳಿದ್ದರು: ‘ಮಾತ್ರೆ ಮರೆತರೂ ಚಿಂತೆಯಿಲ್ಲ, ತಲೆನೋವು ಬಂದರೆ ಜೊತೆಗಿದ್ದವರಿಗೆ ಹೇಳುವುದನ್ನು ಮಾತ್ರ ಮರೆಯಬೇಡಿ. ಇದಕ್ಕೆ ನಿಜವಾದ ಮದ್ದು ಕೆಳಗಿಳಿಯುವುದು ಒಂದೇ.’

ಸಂಜೆ ಮಾಲಿಮ್ ಬಂದು ನಮ್ಮ ಪಕ್ಕ ಕುಳಿತು, ನನ್ನ ಮುಂದಿದ್ದ ಮುಟ್ಟದ ತಟ್ಟೆಯನ್ನು ನೋಡಿದ. ತಲೆನೋವಿದೆಯೇ ಎಂದು ಕೇಳಿದ. ಇಲ್ಲ, ಬೇರೆ ಊರಿನ ಅಡುಗೆ ನಮಗೆ ಹಿಡಿಸುವುದಿಲ್ಲ ಎಂದೆ. ನಮ್ಮ ಕಡೆಯ ಕುಚ್ಚಲಕ್ಕಿಯ ಬಗ್ಗೆ ಒಂದೆರಡು ಮಾತು ಸೇರಿಸಿ ನಗೆಯಾಡಿದ್ದೂ ನೆನಪಿದೆ. ಅವನು ನಗಲಿಲ್ಲ. ರಾತ್ರಿ ಒಂದೂವರೆಗೆ ಎಬ್ಬಿಸುತ್ತೇನೆ, ಆಗ ಇನ್ನೊಮ್ಮೆ ಕೇಳುತ್ತೇನೆ ಎಂದು ಎದ್ದು ಹೋದ. ಒಂದೂವರೆಗೆ ಅವನು ಕೇಳಿದ. ನಾನು ಹಿಂದಿನ ಉತ್ತರವನ್ನೇ ಕೊಟ್ಟೆ.

ಏಕೆ ಕೊಟ್ಟೆ ಎಂದು ಅನೇಕ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಹಟ ಒಂದು ಕಾರಣ, ಅಳಿಯನ ಎದುರು ಸಣ್ಣವನಾಗಬಾರದೆಂಬ ಮರ್ಯಾದೆ ಇನ್ನೊಂದು. ಆದರೆ ನಿಜವಾದ ಕಾರಣ ಆ ಪರವಾನಗಿಯ ದುರ್ಲಭತೆಯಲ್ಲೇ ಇತ್ತೆಂದು ನನಗೆ ತೋರುತ್ತದೆ. ತಿಂಗಳುಗಳ ಮೊದಲೇ ಹಿಡಿದ ದಿನ, ಹಿಂದಕ್ಕೆ ಬಾರದ ಹಣ, ಇನ್ನೊಮ್ಮೆ ಬರುವ ಖಾತ್ರಿಯಿಲ್ಲದ ದೂರ. ಜನಸಂದಣಿಯ ಅಪಾಯವನ್ನು ತಪ್ಪಿಸಲು ಮಾಡಿದ ನಿರ್ಬಂಧವೇ ಇನ್ನೊಂದು ಅಪಾಯವನ್ನು ಹುಟ್ಟಿಸುತ್ತದೆ: ನಾಳೆ ಬಂದರಾಯಿತು ಎನ್ನುವ ಅನುಕೂಲ ಇಲ್ಲದಿರುವಾಗ ಮನುಷ್ಯ ಇವತ್ತೇ ಹತ್ತಲು ನೋಡುತ್ತಾನೆ. ಕುಮಾರ ಪರ್ವತಕ್ಕೆ ಟಿಕೆಟ್ ಇಲ್ಲದ ಕಾಲದಲ್ಲಿ ನೆಗಡಿಯಾದರೆ ನಾವು ಮುಂದಿನ ವಾರ ಹೋಗುತ್ತಿದ್ದೆವು. ಈಗ ಟಿಕೆಟ್ ಸಿಕ್ಕಿದ ಹುಡುಗರು ಜ್ವರದ ಮಾತ್ರೆ ನುಂಗಿ ಹೋಗುವುದನ್ನು ನಾನೇ ಕಂಡಿದ್ದೇನೆ. ಇದಕ್ಕಾಗಿ ಮಿತಿಯನ್ನು ತೆಗೆಯಬೇಕೆಂದು ನಾನು ಹೇಳುವುದಿಲ್ಲ. ಹುಷಾರಿಲ್ಲದವನು ವೈದ್ಯರ ಚೀಟಿ ತೋರಿಸಿ ದಿನಾಂಕ ಬದಲಿಸಿಕೊಳ್ಳುವ ಒಂದು ದಾರಿಯನ್ನು ಎಲ್ಲ ಕಡೆಯೂ ಇಡಬೇಕು ಎನ್ನುತ್ತೇನೆ. ಆ ದಾರಿ ಇದ್ದಿದ್ದರೆ ನಾನು ನಿಜ ಹೇಳುತ್ತಿದ್ದೆನೇ ಎಂದು ಕೇಳಿದರೆ, ಹೇಳುತ್ತಿದ್ದೆ ಎಂದೇ ಅಂದುಕೊಂಡಿದ್ದೇನೆ.

ಎರಡೂವರೆಗೆ ಹಣೆಗೆ ದೀಪ ಕಟ್ಟಿಕೊಂಡು ಹೊರಟೆವು. ಮೊದಲಿಗೆ ಮರದ ಮೆಟ್ಟಿಲುಗಳು, ಆಮೇಲೆ ಬರೀ ಬಂಡೆ. ಹಿಮಯುಗದಲ್ಲಿ ಈ ನೆತ್ತಿಯ ಮೇಲೆ ಹರಿದ ಹಿಮನದಿಗಳು ಗ್ರಾನೈಟನ್ನು ಉಜ್ಜಿ ನುಣುಪಾಗಿಸಿವೆ. ಕಾರ್ಕಳದ ಗೊಮ್ಮಟನ ಬಂಡೆಯನ್ನು ಹತ್ತು ಪಟ್ಟು ದೊಡ್ಡದು ಮಾಡಿ ಕತ್ತಲಲ್ಲಿ ಓರೆಯಾಗಿ ನಿಲ್ಲಿಸಿದರೆ ಹೇಗಿರಬಹುದೋ ಹಾಗೆ. ಉದ್ದಕ್ಕೂ ಬಿಳಿ ಹಗ್ಗ ಬಿಗಿದಿದ್ದಾರೆ. ಒಣಗಿದ್ದಾಗ ಬೂಟು ಚೆನ್ನಾಗಿಯೇ ಹಿಡಿಯುತ್ತದೆ. ಮಳೆ ಬಂದರೆ ಅದೇ ಬಂಡೆ ಕೆಲವೇ ನಿಮಿಷಗಳಲ್ಲಿ ಹರಿಯುವ ತೊರೆಯಾಗುತ್ತದೆ, ಮರೆಯಾಗಿ ನಿಲ್ಲಲು ಒಂದು ಗಿಡವೂ ಇಲ್ಲ. ಮುಂಜಾವಿನ ತಾಪಮಾನ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಭೂಮಧ್ಯರೇಖೆಯಿಂದ ಆರೇ ಡಿಗ್ರಿ ಉತ್ತರಕ್ಕಿರುವ ಊರಿಗೆ ಉಣ್ಣೆಯ ಕೈಗವಸು ಏಕೆಂದು ಹೊರಡುವಾಗ ತಮಾಷೆ ಮಾಡಿದ್ದ ನನ್ನ ಬೆರಳುಗಳು ಆಗ ಹಗ್ಗ ಹಿಡಿಯುವುದಕ್ಕೂ ಒಪ್ಪುತ್ತಿರಲಿಲ್ಲ.

ದಾರಿಯ ನಡುವೆ 3668 ಮೀಟರಿನಲ್ಲಿ ಸಯಾತ್-ಸಯಾತ್ ಎಂಬ ತಪಾಸಣಾ ಗುಡಿಸಲಿದೆ. ಬೆಳಗಿನ ಐದು ಗಂಟೆಯೊಳಗೆ ಅದನ್ನು ದಾಟದವರನ್ನು ಮೇಲೆ ಬಿಡುವುದಿಲ್ಲ, ಎಷ್ಟು ಗೋಗರೆದರೂ ಬಿಡುವುದಿಲ್ಲ. ನಾವು ದಾಟಿದ್ದು ಹತ್ತಿರ ಹತ್ತಿರ ಕೊನೆಯವರಾಗಿ. ಈ ನಿಯಮ ನನಗೆ ತುಂಬ ಮೆಚ್ಚುಗೆಯಾದದ್ದು. ಐದರ ನಂತರ ಬರುವವನು ನಿಧಾನವಾಗಿದ್ದಾನೆಂದರೆ ಒಂದೋ ಸುಸ್ತಾಗಿದ್ದಾನೆ ಅಥವಾ ಹುಷಾರಿಲ್ಲ. ಅವನು ತುದಿ ಮುಟ್ಟಿ ಅದೇ ದಿನ ಕೆಳಗಿನ ಗೇಟಿನವರೆಗೆ ಇಳಿಯಬೇಕು, ಮೋಡ ಏಳುವ ಮೊದಲು ಬಂಡೆಯನ್ನು ದಾಟಿರಬೇಕು. ಹತ್ತುವವನ ಬಾಯಿ ಸುಳ್ಳು ಹೇಳಬಹುದು, ಅವನ ಕಾಲಿನ ವೇಗ ಹೇಳಲಾರದು. ನಾನು ಮಾತ್ರ ಕೊನೆಯ ಇಪ್ಪತ್ತು ನಿಮಿಷ ಹಲ್ಲು ಕಚ್ಚಿ ನಡೆದು ಆ ಗಡಿಯಾರವನ್ನೂ ವಂಚಿಸಿದೆ.

ಅಲ್ಲಿಂದ ಅರ್ಧ ಗಂಟೆಯ ಮೇಲೆ ನಾನು ಹಗ್ಗ ಬಿಟ್ಟು ಕುಳಿತು ವಾಂತಿ ಮಾಡಿದೆ. ಎದ್ದು ನಿಂತಾಗ ಕಾಲು ಕುಡಿದವನ ಕಾಲಿನಂತೆ ಅಡ್ಡ ಹೋಯಿತು. ಮಾಲಿಮ್ ನನ್ನ ಮುಖಕ್ಕೆ ದೀಪ ಹಿಡಿದು, ನೇರ ಗೆರೆಯಲ್ಲಿ ಹತ್ತು ಹೆಜ್ಜೆ ನಡೆಯಲು ಹೇಳಿದ. ನಾಲ್ಕನೆಯ ಹೆಜ್ಜೆಗೆ ಅವನೇ ನನ್ನ ತೋಳು ಹಿಡಿದ. ಎಷ್ಟು ಹೊತ್ತಿನಿಂದ ಹೀಗಿದೆ ಎಂದು ಕೇಳಿದಾಗ ನಿನ್ನೆ ಮಧ್ಯಾಹ್ನದಿಂದ ಎಂದು ಹೇಳಲೇಬೇಕಾಯಿತು. ಅವನು ಬೈಯಲಿಲ್ಲ. ‘ಈಗ ಇಳಿಯುತ್ತೇವೆ’ ಎಂದಷ್ಟೇ ಹೇಳಿ ಅಳಿಯನ ಕಡೆ ತಿರುಗಿದ.

ಆ ಕ್ಷಣದವರೆಗೆ ನನ್ನ ಸುಳ್ಳಿನ ಬೆಲೆಯನ್ನು ನಾನೊಬ್ಬನೇ ತೆರುತ್ತೇನೆ ಎಂದುಕೊಂಡಿದ್ದೆ. ಮಾರ್ಗದರ್ಶಿಯಿಲ್ಲದೆ ಯಾರೂ ಹತ್ತುವಂತಿಲ್ಲ. ನಮ್ಮಿಬ್ಬರಿಗೆ ಒಬ್ಬನೇ ಮಾರ್ಗದರ್ಶಿ. ಅವನು ನನ್ನನ್ನು ಬಂಡೆಯ ಮೇಲೆ ಬಿಟ್ಟು ಹೋಗುವಂತಿಲ್ಲ, ಅಳಿಯ ಅವನಿಲ್ಲದೆ ಮುಂದೆ ಹೋಗುವಂತಿಲ್ಲ. ಹತ್ತಿರದಲ್ಲಿ ಉಳಿದಿದ್ದದ್ದು ಒಂದೇ ಗುಂಪು. ಆ ಗುಂಪಿನ ಮಾಲಿಮ್‌ನನ್ನು ನಮ್ಮವನು ಕೂಗಿ ಕೇಳಿದ, ಅವನ ಜೊತೆ ಆಗಲೇ ಐವರಿದ್ದರು. ಸಂಜೆಯೇ ನಿಜ ಹೇಳಿ ನಾನು ಪಾನಾಲಾಬಾನಿನಲ್ಲಿ ಉಳಿದಿದ್ದರೆ ಅಳಿಯ ನಮ್ಮ ಮಾಲಿಮ್‌ನೊಂದಿಗೆ ಹಾಯಾಗಿ ಹೋಗಿ ಬರುತ್ತಿದ್ದ. ಶಿಖರ ಕಣ್ಣೆದುರು, ಇನ್ನೊಂದು ಕಿಲೋಮೀಟರಿನ ಆಸುಪಾಸಿನ ದೂರ. ಅವನು ಒಮ್ಮೆ ಅತ್ತ ನೋಡಿ, ‘ನಡೆಯಿರಿ ತಮ್ಮಲೆ, ಚೀಲ ನಾನು ಹಿಡಿಯುತ್ತೇನೆ’ ಎಂದ.

ಇಳಿಯುವಾಗ ಬೆಳಗಾಯಿತು. ಬಲಕ್ಕೆ ಕತ್ತೆಯ ಕಿವಿ ಎಂದು ಕರೆಯುವ ಜೋಡಿ ಕೋಡುಗಲ್ಲಿನಲ್ಲಿ ಈಗ ಅರ್ಧವೇ ಉಳಿದಿರುವುದನ್ನು ಮಾಲಿಮ್ ತೋರಿಸಿದ. 2015ರ ಜೂನ್ 5ರ ಬೆಳಗ್ಗೆ ಏಳೂಕಾಲರ ಸುಮಾರಿಗೆ 6.0 ತೀವ್ರತೆಯ ಭೂಕಂಪವಾದಾಗ ಆ ಕೋಡು ಮುರಿದುಬಿತ್ತು. ಬಂಡೆಗಳು ಉರುಳಿ 18 ಮಂದಿ ಸತ್ತರು. ಅವರಲ್ಲಿ ಸಿಂಗಾಪುರದ ಪ್ರಾಥಮಿಕ ಶಾಲೆಯೊಂದರ ಮಕ್ಕಳೂ, ನಾಲ್ವರು ಸ್ಥಳೀಯ ಮಾರ್ಗದರ್ಶಿಗಳೂ ಇದ್ದರು. ಮೇಲೆ ಸಿಕ್ಕಿಹಾಕಿಕೊಂಡ 137 ಮಂದಿಗೆ ಹೆಲಿಕಾಪ್ಟರ್ ಇಳಿಯಲು ಮಂಜು ಬಿಡಲಿಲ್ಲ. ಅವರನ್ನು ಮುರಿದ ದಾರಿಯಲ್ಲೇ ನಡೆಸಿ ಕೆಳಗಿಳಿಸಿದವರು ಈ ಮಾಲಿಮ್‌ಗಳೇ. ಶಿಖರದ ಹಾದಿ ಮತ್ತೆ ತೆರೆದದ್ದು ಅದೇ ಡಿಸೆಂಬರಿನಲ್ಲಿ, ಹೊಸ ಜಾಡಿನಲ್ಲಿ. ಮೆಸಿಲಾವ್ ಕಡೆಯಿಂದ ಬರುತ್ತಿದ್ದ ಹಳೆಯ ದಾರಿ ಅಂದಿನಿಂದ ಮುಚ್ಚಿಯೇ ಇದೆ. ಆ ದಿನ ನೀನೂ ಇಲ್ಲಿದ್ದೆಯೇ ಎಂದು ಕೇಳಬೇಕೆನಿಸಿತು. ಅವನ ಮುಖ ನೋಡಿ ಕೇಳಲಿಲ್ಲ.

ಭೂಕಂಪಕ್ಕೆ ಆರು ದಿನ ಮೊದಲು ಕೆಲವು ವಿದೇಶಿ ಪ್ರವಾಸಿಗರು ಶಿಖರದ ಬಳಿ ಬಟ್ಟೆ ಕಳಚಿ ಚಿತ್ರ ತೆಗೆಸಿಕೊಂಡಿದ್ದರು. ಕಡಜಾನ್-ದುಸುನ್ ಜನರಿಗೆ ಈ ಪರ್ವತ ಸತ್ತ ಹಿರಿಯರು ನೆಲೆಸುವ ಜಾಗ. ಅದು ಮುನಿದುಕೊಂಡಿತೆಂದೇ ಅಲ್ಲಿ ಅನೇಕರು ನಂಬಿದರು, ಪ್ರವಾಸಿಗರಲ್ಲಿ ನಾಲ್ವರಿಗೆ ನ್ಯಾಯಾಲಯ ಮೂರು ದಿನಗಳ ಸೆರೆವಾಸವನ್ನೂ 5000 ರಿಂಗಿಟ್ ದಂಡವನ್ನೂ ವಿಧಿಸಿತು. ವಿದೇಶಿ ಪತ್ರಿಕೆಗಳು ಇದನ್ನು ನಗೆಗೆ ವಸ್ತು ಮಾಡಿದ್ದನ್ನು ಆಗಲೇ ಓದಿದ್ದೆ. ಪರ್ವತದ ಹಿರಿಯರಿಗೆ ಏಳು ಬಿಳಿ ಕೋಳಿ, ಏಳು ಮೊಟ್ಟೆ, ಎಲೆ ಅಡಿಕೆ ಒಪ್ಪಿಸುವ ವಾರ್ಷಿಕ ವಿಧಿಯ ಬಗ್ಗೆ ಮಾಲಿಮ್ ಹೇಳಿದಾಗ, ನಮ್ಮ ಮೂಲಮನೆಯಾದ ತರವಾಡಿನಲ್ಲಿ ಹಿರಿಯರಿಗೆ ಎಡೆ ಬಡಿಸುವ ಅಗೆಲಿನ ದಿನ ನೆನಪಾಗಿ ನನಗೆ ನಗುವ ಮನಸ್ಸಾಗಲಿಲ್ಲ. ನಮ್ಮ ನಾಗಬನಗಳಿಗೆ ಕತ್ತಿ ಹಾಕಬಾರದೆಂದು ಯಾವ ಇಲಾಖೆಯೂ ಫಲಕ ನೆಟ್ಟಿಲ್ಲ, ಆದರೂ ಅಲ್ಲಿ ಮರ ಉಳಿದಿದೆ. ಭೂಮಿ ಕಂಪಿಸಲು ಒಳಗಿನ ಬಿರುಕು ಸಾಕು, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಹತ್ತುವ ಮೊದಲು ಅಪ್ಪಣೆ ಕೇಳುವ ರೂಢಿ ಉದ್ಯಾನದ ಕಚೇರಿಗಿಂತ ಬಹಳ ಹಳೆಯದು ಎಂಬುದೂ ನಿಜ.

ಪಾನಾಲಾಬಾನ್ ತಲುಪುವಾಗ ತಲೆನೋವು ಅರ್ಧ ಇಳಿದಿತ್ತು, ಮಧ್ಯಾಹ್ನ ಗೇಟಿನ ಬಳಿ ಮಂಡಿಯ ನೋವೊಂದೇ ಉಳಿದಿತ್ತು. ಮಿತ್ರರು ಹೇಳಿದ ಮದ್ದು ಸುಳ್ಳಾಗಲಿಲ್ಲ. ನಾವು ಹೋಗಿ ಬಂದ ಅದೇ ವರ್ಷ, 2024ರ ಜೂನ್ ತಿಂಗಳ ಆರಂಭದಲ್ಲಿ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಕರ್ನಾಟಕದವರೇ ಹೆಚ್ಚಾಗಿದ್ದ 22 ಮಂದಿಯ ತಂಡ ಹಿಮಗಾಳಿಗೆ ಸಿಕ್ಕಿ ಒಂಬತ್ತು ಜನ ತೀರಿಕೊಂಡ ಸುದ್ದಿ ಬಂದ ದಿನ ನಾನು ಬ್ಯಾಂಕಿನಲ್ಲಿ ಸರಿಯಾಗಿ ಕೆಲಸ ಮಾಡಲಾಗಲಿಲ್ಲ. ಅವರದು ಬೇರೆ ಕಥೆ, ಬೇರೆ ಹವೆ. ನನಗೆ ಕಣ್ಣ ಮುಂದೆ ಬಂದದ್ದು ಹಣೆಯ ದೀಪದ ಬೆಳಕಿನಲ್ಲಿ ನನ್ನದೇ ನಾಲ್ಕು ಹೆಜ್ಜೆ.

ತುದಿ ಮುಟ್ಟಿದವರಿಗೆ ಉದ್ಯಾನದವರು ಬಣ್ಣದ ಪ್ರಮಾಣಪತ್ರ ಕೊಡುತ್ತಾರೆ, ಮುಟ್ಟದವರಿಗೆ ಕಪ್ಪು-ಬಿಳುಪಿನದು. ನಮ್ಮಿಬ್ಬರದೂ ಕಪ್ಪು-ಬಿಳುಪು. ಊರಿಗೆ ಬಂದ ಮೇಲೆ ಅಕ್ಕನ ಮನೆಗೆ ಹೋದಾಗ ಅವಳು ಕಾಫಿ ತಂದಿಟ್ಟು, ‘ನೀನು ಇಲ್ಲದಿದ್ದರೆ ಅವನ ಗತಿ ಏನಾಗುತ್ತಿತ್ತು’ ಎಂದು ಕಣ್ಣು ಒರೆಸಿಕೊಂಡಳು. ತನಗೆ ತಲೆನೋವು ಬಂದು ವಾಂತಿಯಾಯಿತೆಂದೂ, ತಮ್ಮಲೆ ಶಿಖರದ ಆಸೆ ಬಿಟ್ಟು ತನ್ನನ್ನು ಕೆಳಗೆ ಕರೆತಂದರೆಂದೂ ಅಳಿಯ ಅವಳಿಗೆ ಫೋನಿನಲ್ಲಿ ಹೇಳಿದ್ದ. ನಾನು ಕಾಫಿ ಕುಡಿದು ಸುಮ್ಮನೆ ಎದ್ದು ಬಂದೆ. ಮೊಬೈಲಿಗೆ ಬಂದದ್ದನ್ನೆಲ್ಲ ಅಕ್ಕ ಒಂದಕ್ಷರ ಬಿಡದೆ ಓದುತ್ತಾಳೆ; ಇದನ್ನು ಬರೆದು ಮುಗಿಸಿದ ಮೇಲೆ ಮೊದಲು ಕಳುಹಿಸುವುದು ಅವಳಿಗೇ.